ಬೀಜದಿಂದ ಬಟ್ಟಲಿಗೆ: ಸೂಫಿಗಳ ಮಡಕೆಯಿಂದ ಮನೆಯ ಯಂತ್ರದವರೆಗೆ

ಕೊಲ್ಲಿ ರಾಷ್ಟ್ರದಲ್ಲಿ ಹನ್ನೆರಡು ವರ್ಷ ದುಡಿದು ಊರಿಗೆ ಮರಳಿದ ನನ್ನ ಅಕ್ಕನ ಮಗ ಕಳೆದ ತಿಂಗಳು ಒಂದು ಪ್ರಶ್ನೆ ಹಿಡಿದುಕೊಂಡು ಬಂದ. "ಮಾಮಾ, ಮನೆಗೊಂದು ಕಾಫಿ ಮೆಷಿನ್ ತಗೊಳ್ಳಬೇಕೂಂತ ಇದ್ದೇನೆ. ಮೇಲೆ ಬೀಜ ಹಾಕಿ ಗುಂಡಿ ಒತ್ತಿದರೆ ಕೆಳಗೆ ಕಾಫಿ ಬರುತ್ತದಲ್ಲ, ಅಂಥದ್ದು. ತೀರಾ ದುಬಾರಿಯದ್ದು ಬೇಡ. ಯಾವುದು ಆಗಬಹುದು?" ಅವನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಅಂಥ ಯಂತ್ರವಿತ್ತಂತೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ನಲ್ವತ್ತು ಸಾವಿರ ಕೊಟ್ಟು ಕಾಫಿ ಕುಡಿಯುವುದಾ? ನೂರೈವತ್ತು ರೂಪಾಯಿಯ ಫಿಲ್ಟರಿನಲ್ಲಿ ಮೂವತ್ತು ವರ್ಷ ಕುಡಿಸಿದ್ದೇನೆ. ಇದು ದುಂದುವೆಚ್ಚ."

ತಾಯಿ-ಮಗನ ಈ ಚರ್ಚೆಯಲ್ಲಿ ತೀರ್ಪು ಹೇಳುವ ಧೈರ್ಯ ನನಗಾಗಲಿಲ್ಲ. ಆದರೆ ಒಂದು ಸಂಗತಿ ಹೊಳೆಯಿತು. ಕಾಫಿಯ ಬಗ್ಗೆ ಮುಸ್ಲಿಮರ ಮನೆಗಳಲ್ಲಿ ನಡೆಯುವ ಮೊದಲ ವಾದವೇನೂ ಇದಲ್ಲ. ಐದು ನೂರು ವರ್ಷಗಳ ಹಿಂದೆ ಮಕ್ಕಾದಲ್ಲಿ ವಿದ್ವಾಂಸರು ಕೂತು ಇದೇ ಪಾನೀಯದ ಬಗ್ಗೆ ಜಗಳವಾಡಿದ್ದರು. ಆಗಿನ ಪ್ರಶ್ನೆ ಬೇರೆ, ಈಗಿನದು ಬೇರೆ. ಆದರೂ ಎರಡರ ನಡುವೆ ಒಂದು ಎಳೆ ಇದೆ. ಆ ಎಳೆಯನ್ನು ಹಿಡಿದು ಹೊರಟರೆ ಅಳಿಯನ ಪ್ರಶ್ನೆಗೂ ಉತ್ತರ ಸಿಗಬಹುದು ಎನಿಸಿತು.

ಕೆಂಪು ಮಣ್ಣಿನ ಮಡಕೆ

ಕಾಫಿ ಗಿಡದ ತವರು ಇಥಿಯೋಪಿಯಾದ ಕಾಡು. ಆಡು ಕಾಯುವ ಹುಡುಗನೊಬ್ಬ ತನ್ನ ಆಡುಗಳು ಕೆಂಪು ಹಣ್ಣು ತಿಂದು ಕುಣಿಯುವುದನ್ನು ಕಂಡ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಕಥೆ ಮಾತ್ರ. ಯುರೋಪಿನಲ್ಲಿ ಅದು ಬರಹಕ್ಕಿಳಿದದ್ದೇ 1671ರಲ್ಲಿ. ಇತಿಹಾಸಕ್ಕೆ ದಾಖಲೆಗಳು ಸಿಗುವುದು ಕೆಂಪು ಸಮುದ್ರದ ಈಚೆ ದಡದ ಯೆಮನ್‌ನಿಂದ. 15ನೇ ಶತಮಾನದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯ ದ್ಸಿಕ್ರ್ ಕೂಟಗಳಲ್ಲಿ ನಿದ್ದೆ ತಡೆಯಲು ಇದನ್ನು ಕುಡಿಯುತ್ತಿದ್ದರು. ಏಡನ್‌ನ ಮುಫ್ತಿಯಾಗಿದ್ದ ಅಲ್-ದಬ್ಹಾನಿ ಈ ಪಾನೀಯವನ್ನು ರೂಢಿಗೆ ತಂದವರೆಂದು ಒಂದು ಪರಂಪರೆ ಹೇಳಿದರೆ, ಮೋಕಾ ಬಂದರಿನ ಸೂಫಿ ಅಲಿ ಇಬ್ನ್ ಉಮರ್ ಅಲ್-ಶಾದಿಲಿ ಎಂದು ಇನ್ನೊಂದು ಪರಂಪರೆ ಹೇಳುತ್ತದೆ.

16ನೇ ಶತಮಾನದ ಆರಂಭದಲ್ಲಿ ಯೆಮನಿ ವಿದ್ಯಾರ್ಥಿಗಳ ಜೊತೆ ಕಾಫಿ ಕೈರೋದ ಅಲ್-ಅಝ್‌ಹರ್ ಪರಿಸರಕ್ಕೆ ಬಂತು. ಅಲ್ಲಿನ ಕೂಟದ ವರ್ಣನೆಯೊಂದು ಅಬ್ದುಲ್ ಖಾದಿರ್ ಅಲ್-ಜಝೀರಿ ಎಂಬ ವಿದ್ವಾಂಸ 1558ರ ಸುಮಾರಿಗೆ ಬರೆದ ಗ್ರಂಥದಲ್ಲಿ ಉಳಿದುಕೊಂಡಿದೆ. ಕಾಫಿ ಕುಡಿಯುವುದು ಧರ್ಮಸಮ್ಮತ ಎಂದು ವಾದಿಸಲೆಂದೇ ಬರೆದ ಗ್ರಂಥವದು. ಸೋಮವಾರ ಮತ್ತು ಶುಕ್ರವಾರದ ರಾತ್ರಿ ಕೂಟ ಸೇರುತ್ತಿತ್ತು. ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ಇರುತ್ತಿತ್ತು. ಗುರು ಸಣ್ಣ ಬಟ್ಟಲಿನಿಂದ ಮೊಗೆದು ಬಲಗಡೆಯವರಿಂದ ಆರಂಭಿಸಿ ಎಲ್ಲರಿಗೂ ಕೊಡುತ್ತಿದ್ದರು. ಉಳಿದವರು ದೇವನಾಮ ಸ್ಮರಿಸುತ್ತಿದ್ದರು. ಅಂದರೆ ಕಾಫಿಯ ಮೊದಲ ಚಿತ್ರಣದಲ್ಲೇ ಒಂದು ಮಡಕೆ, ಹಲವು ಜನ. ಒಬ್ಬನೇ ಕೂತು ಕುಡಿಯುವ ಕಾಫಿ ಆ ಚಿತ್ರದಲ್ಲಿಲ್ಲ.

ಮಕ್ಕಾದ ತೀರ್ಪು

1511ರಲ್ಲಿ ಮಕ್ಕಾದ ಮಾರುಕಟ್ಟೆ ಮತ್ತು ಸಾರ್ವಜನಿಕ ನಡತೆಯ ಮೇಲ್ವಿಚಾರಣೆ ಖೈರ್ ಬೇಗ್ ಎಂಬ ಮಮ್ಲೂಕ್ ಅಧಿಕಾರಿಯ ಕೈಯಲ್ಲಿತ್ತು. ಒಂದು ರಾತ್ರಿ ಮಸೀದಿಯ ಸಮೀಪ ಜನ ಗುಂಪು ಕೂತು ದೀಪದ ಬೆಳಕಿನಲ್ಲಿ ಏನನ್ನೋ ಕುಡಿಯುತ್ತಿರುವುದನ್ನು ಆತ ಕಂಡ. ವಿಚಾರಿಸಿದಾಗ ಅದು 'ಖಹ್ವಾ' ಎಂದು ತಿಳಿಯಿತು. ಹಳೆಯ ಅರಬಿಯಲ್ಲಿ ಈ ಪದ ಮದ್ಯಕ್ಕೂ ಸಲ್ಲುತ್ತಿತ್ತು. ಮರುದಿನವೇ ಆತ ಧರ್ಮಶಾಸ್ತ್ರಜ್ಞರ ಸಭೆ ಕರೆದ. ಕಾಫಿ ದೇಹಕ್ಕೆ ಹಾನಿಕರ ಎಂದು ಸಾಕ್ಷಿ ಹೇಳಲು ಇಬ್ಬರು ವೈದ್ಯ ಸಹೋದರರು ಬಂದರು. ಕುಡಿದರೆ ಅಮಲೇರುತ್ತದೆ ಎಂದು ಹೇಳುವವರೂ ಸಿಕ್ಕಿದರು. ಕಾಫಿಗೆ ನಿಷೇಧ ಬಿತ್ತು. ಬೀದಿಯಲ್ಲಿ ಬೀಜದ ರಾಶಿ ಸುಟ್ಟರು. ಮಾರಿದವರಿಗೆ ಏಟು ಬಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೈರೋದಲ್ಲಿದ್ದ ಸುಲ್ತಾನ್ ಖಾನ್‌ಸೂಹ್ ಅಲ್-ಗೌರಿಗೆ ವರದಿ ಹೋದಾಗ ಅಲ್ಲಿಂದ ಬಂದ ಆದೇಶ ಮಕ್ಕಾದ ತೀರ್ಪಿನಷ್ಟು ಕಠಿಣವಾಗಿರಲಿಲ್ಲ. ಕಾಫಿಯ ಹೆಸರಿನಲ್ಲಿ ನಡೆಯುವ ಅನುಚಿತ ಕೂಟಗಳನ್ನು ತಡೆಯಿರಿ ಎಂದಿತೇ ಹೊರತು ಪಾನೀಯವನ್ನೇ ಹರಾಮ್ ಎನ್ನಲಿಲ್ಲ. ಮರುವರ್ಷ ಆ ಅಧಿಕಾರಿಯೂ ಬದಲಾದ. 'ನಿಷೇಧಕ್ಕೆ ಸ್ಪಷ್ಟ ಆಧಾರವಿಲ್ಲದ ವಸ್ತು ಮೂಲತಃ ಅನುಮತಿಸಲ್ಪಟ್ಟದ್ದು' ಎಂಬ ಶಾಸ್ತ್ರ ನಿಯಮವನ್ನು ಹಿಡಿದವರು ಕ್ರಮೇಣ ಗೆದ್ದರು. ವೈದ್ಯರ ಸಾಕ್ಷ್ಯ, ಅಮಲಿನ ವಾದ ಎಲ್ಲವೂ ಹಿಂದೆ ಸರಿದವು.

ವಾಸ್ತವದಲ್ಲಿ ಅಧಿಕಾರಿಗಳಿಗೆ ಭಯವಿದ್ದದ್ದು ಬಟ್ಟಲಿನ ಬಗ್ಗೆ ಅಲ್ಲ, ಬಟ್ಟಲಿನ ಸುತ್ತ ಸೇರುವ ಜನರ ಬಗ್ಗೆ. ಅದಕ್ಕೆ ಮುಂದಿನ ಇತಿಹಾಸವೇ ಸಾಕ್ಷಿ. 1554-55ರ ಸುಮಾರಿಗೆ ಅಲೆಪ್ಪೊದ ಹಕಮ್ ಮತ್ತು ಡಮಾಸ್ಕಸ್‌ನ ಶಮ್ಸ್ ಎಂಬ ಇಬ್ಬರು ಇಸ್ತಾಂಬುಲಿನಲ್ಲಿ ಕಾಫಿಗೃಹ ತೆರೆದರು ಎಂದು ಒಟ್ಟೊಮನ್ ಇತಿಹಾಸಕಾರ ಪೆಚೆವಿ ಬರೆದಿದ್ದಾನೆ. ಅಲ್ಲಿ ಓದುವವರು, ಚದುರಂಗ ಆಡುವವರು, ಕವಿಗಳು, ಕೆಲಸವಿಲ್ಲದ ಅಧಿಕಾರಿಗಳು ಸೇರಿ ಮಾತಾಡತೊಡಗಿದರು. 1633ರಲ್ಲಿ ನಾಲ್ಕನೆಯ ಮುರಾದ್ ಸುಲ್ತಾನ ಅವುಗಳನ್ನು ಮುಚ್ಚಿಸಿದ. ಕ್ರೈಸ್ತ ಇಂಗ್ಲೆಂಡಿನಲ್ಲೂ ಇದೇ ಕಥೆ. 1652ರಲ್ಲಿ ಲಂಡನ್ನಿಗೆ ಕಾಫಿಗೃಹ ಬಂತು. 1675ರ ಕೊನೆಯಲ್ಲಿ ಎರಡನೆಯ ಚಾರ್ಲ್ಸ್ ದೊರೆ ಅವುಗಳನ್ನು ಮುಚ್ಚುವ ಘೋಷಣೆ ಹೊರಡಿಸಿ, ಜನರ ಸಿಟ್ಟಿಗೆ ಬೆದರಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಧರ್ಮ ಬೇರೆಯಾದರೂ ಅಧಿಕಾರದ ಭಯ ಒಂದೇ ಆಗಿತ್ತು.

ಭಾರತದಲ್ಲೂ ಕಾಫಿ ಕುಡಿಯುವ ರೂಢಿ ತೋಟಗಳಿಗಿಂತ ಹಳೆಯದು. ಜಹಾಂಗೀರನ ಕಾಲದಲ್ಲಿ ಇಂಗ್ಲಿಷ್ ರಾಯಭಾರಿಯ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ, ಇಲ್ಲಿನ ಧಾರ್ಮಿಕ ಶ್ರದ್ಧೆಯುಳ್ಳ ಜನ ಮದ್ಯದ ಬದಲು ಕಾಫಿ ಕುಡಿಯುತ್ತಾರೆ ಎಂದು ದಾಖಲಿಸಿದ್ದಾನೆ. 18ನೇ ಶತಮಾನದ ದೆಹಲಿಯ ಚಾಂದನಿ ಚೌಕದ ಖಹ್ವಾಖಾನೆಗಳಲ್ಲಿ ಕವಿಗಳು ಸೇರುತ್ತಿದ್ದರು.

ಏಳು ಬೀಜಗಳ ಪಯಣ

ಕನ್ನಡಿಗರಿಗೆ ಕಾಫಿ ಎಂದೊಡನೆ ನೆನಪಾಗುವುದು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿ. ಅರಬ್ ವರ್ತಕರು ಮೊಳೆಯುವ ಬೀಜ ತಮ್ಮ ನೆಲದಿಂದ ಆಚೆ ಹೋಗದಂತೆ ಎಚ್ಚರ ವಹಿಸುತ್ತಿದ್ದ ಕಾಲದಲ್ಲಿ, 17ನೇ ಶತಮಾನದಲ್ಲಿ, ಹಜ್ ಯಾತ್ರೆಯಿಂದ ಮರಳುವಾಗ ಸೂಫಿ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಈ ಬೆಟ್ಟದಲ್ಲಿ ನೆಟ್ಟರು ಎಂಬುದು ಜನಜನಿತ ನಂಬಿಕೆ. ಸೊಂಟಕ್ಕೆ ಕಟ್ಟಿಕೊಂಡು ತಂದರು ಎನ್ನುವವರಿದ್ದಾರೆ, ಊರುಗೋಲಿನೊಳಗೆ ಅಡಗಿಸಿ ತಂದರು ಎನ್ನುವವರೂ ಇದ್ದಾರೆ. ಬೀಜ ಏಳೇ ಇತ್ತೇ, ವರ್ಷ ಯಾವುದು ಎಂಬುದಕ್ಕೆ ಸಮಕಾಲೀನ ದಾಖಲೆ ಕೇಳಿದರೆ ಸಿಗುವುದಿಲ್ಲ. ಆದರೆ 17ನೇ ಶತಮಾನದ ಕೊನೆಯ ಹೊತ್ತಿಗೆ ಭಾರತದ ಪಶ್ಚಿಮ ಭಾಗದಲ್ಲಿ ಕಾಫಿ ಗಿಡ ಬೇರೂರಿತ್ತು ಎಂಬುದಕ್ಕೆ ಬಲವಾದ ಪುರಾವೆಯಿದೆ. 1696ರಲ್ಲಿ, ಮತ್ತೆ 1699ರಲ್ಲಿ ಡಚ್ಚರು ಜಾವಾ ದ್ವೀಪಕ್ಕೆ ಕಾಫಿ ಸಸಿಗಳನ್ನು ಒಯ್ದದ್ದು ಮಲಬಾರಿನಿಂದ.

ಆಮೇಲಿನ ಪಯಣ ಬೆರಗು ಹುಟ್ಟಿಸುತ್ತದೆ, ನೋವನ್ನೂ ಹುಟ್ಟಿಸುತ್ತದೆ. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಗಿಡ ಹೋಯಿತು. 1714ರಲ್ಲಿ ಅದರ ಸಂತತಿಯೊಂದು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಯಿತು. ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ, ದಕ್ಷಿಣ ಅಮೆರಿಕಕ್ಕೆ ಹಬ್ಬಿತು. 1788ರ ಹೊತ್ತಿಗೆ ಜಗತ್ತಿನ ಸುಮಾರು ಅರ್ಧದಷ್ಟು ಕಾಫಿ ಇಂದಿನ ಹೈಟಿಯಲ್ಲಿ ಬೆಳೆಯುತ್ತಿತ್ತು. ಬೆಳೆಸುತ್ತಿದ್ದವರು ಆಫ್ರಿಕಾದಿಂದ ಸರಪಳಿ ಹಾಕಿ ತಂದ ಗುಲಾಮರು. 1791ರಲ್ಲಿ ಅವರು ದಂಗೆಯೆದ್ದರು. ಬ್ರೆಜಿಲ್ ಗುಲಾಮಗಿರಿಯನ್ನು ಕೈಬಿಟ್ಟದ್ದು 1888ರಲ್ಲಿ. ರಾತ್ರಿಯ ಪ್ರಾರ್ಥನೆಗೆಂದು ಕುದಿಸಿದ ಪಾನೀಯ ಕೋಟ್ಯಂತರ ಮನುಷ್ಯರ ಬೆವರು ರಕ್ತ ಕುಡಿದು ಯುರೋಪಿನ ಬೆಳಗಿನ ಉಪಾಹಾರವಾಯಿತು.

ನಮ್ಮಲ್ಲಿ ಬಾಬಾಬುಡನ್ ಗಿರಿಯ ಹಿತ್ತಿಲ ಗಿಡ ದೊಡ್ಡ ತೋಟವಾದದ್ದು 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಅಳಿಸಿಹಾಕಿತು. ನಮ್ಮ ತೋಟಗಳೂ ತತ್ತರಿಸಿದವು. ರೋಗ ತಡೆಯುವ ತಳಿಗಳ ಹುಡುಕಾಟ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ 1925ರಿಂದ ನಡೆಯಿತು. ಇಂದು ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳಲ್ಲಿ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹಿಂದೂಗಳು ದತ್ತಾತ್ರೇಯನೆಂದೂ ಮುಸ್ಲಿಮರು ದಾದಾ ಹಯಾತ್ ಎಂದೂ ನಡೆದುಕೊಂಡು ಬಂದ ಅದೇ ಗಿರಿಯ ಗುಹೆ ಮಾತ್ರ ದಶಕಗಳಿಂದ ನ್ಯಾಯಾಲಯದ ಕಡತಗಳಲ್ಲಿ ಅಲೆದಾಡಿದೆ. ಬೀಜಕ್ಕೆ ಮಾತ್ರ ಇಂದಿಗೂ ಯಾರ ತಕರಾರೂ ಇಲ್ಲ. ಎಲ್ಲರೂ ಕುಡಿಯುತ್ತಾರೆ.

ಹುರಿಯುವ ಕೈ, ಪುಡಿ ಮಾಡುವ ಕೈ

ಇಷ್ಟೆಲ್ಲ ಇತಿಹಾಸದಲ್ಲಿ ಸುಲ್ತಾನರ ಹೆಸರಿದೆ, ದೊರೆಗಳ ಹೆಸರಿದೆ. ಮನೆಯೊಳಗೆ ಬೀಜ ಹುರಿದವರ ಹೆಸರಿಲ್ಲ. ಕಾಫಿ ಬೀಜ ಹಸಿಯಿದ್ದಾಗ ಅದಕ್ಕೆ ನಾವು ಬಯಸುವ ಪರಿಮಳವಿಲ್ಲ. ಹುರಿದಾಗ ಪರಿಮಳ ಹುಟ್ಟುತ್ತದೆ, ಪುಡಿ ಮಾಡಿದೊಡನೆ ಅದು ಹಾರಿಹೋಗಲು ಆರಂಭಿಸುತ್ತದೆ. ಹುರಿದ ಇಡೀ ಬೀಜ ಕೆಲವು ವಾರ ಚೆನ್ನಾಗಿರುತ್ತದೆ; ಪುಡಿಯ ಘಮ ಬಹುಬೇಗ ಕುಂದುತ್ತದೆ. ಆದ್ದರಿಂದಲೇ ಕಾಫಿ ಸಂಸ್ಕೃತಿ ಹಳೆಯದಾಗಿರುವಲ್ಲೆಲ್ಲ ಕುಡಿಯುವ ಮುನ್ನವೇ ಪುಡಿ ಮಾಡುವ ಪದ್ಧತಿ ಇದೆ. ಇಥಿಯೋಪಿಯಾದಲ್ಲಿ ಇಂದಿಗೂ ಮನೆಯ ಹೆಂಗಸು ಅತಿಥಿಗಳ ಮುಂದೆಯೇ ಬೀಜ ಹುರಿದು, ಕುಟ್ಟಿ, ಕುದಿಸಿ ಮೂರು ಸುತ್ತು ಕೊಡುತ್ತಾಳೆ. ಅರೇಬಿಯಾದ ಬದುವಿನ್ ಡೇರೆಗಳಲ್ಲಿ 'ಮಿಹ್‌ಬಾಜ್' ಎಂಬ ಮರದ ಒರಳಿನಲ್ಲಿ ತಾಳಬದ್ಧವಾಗಿ ಕಾಫಿ ಕುಟ್ಟುತ್ತಿದ್ದರು. ಆ ಸದ್ದು ದೂರದವರಿಗೆ ಕೊಡುವ ಆಮಂತ್ರಣವಾಗಿತ್ತು: ಇಲ್ಲಿ ಕಾಫಿ ಆಗುತ್ತಿದೆ, ಬನ್ನಿ. ತುರ್ಕರು ಹಿತ್ತಾಳೆಯ ಕೊಳವೆಯಾಕಾರದ ಕೈಗಿರಣಿ ಬಳಸಿದರು. ಯಾತ್ರಿಕರೂ ಸೈನಿಕರೂ ಅದನ್ನು ಚೀಲದಲ್ಲಿ ಒಯ್ಯುತ್ತಿದ್ದರು.

ಮಲೆನಾಡಿನ ಮನೆಗಳಲ್ಲಿ ಮಣ್ಣಿನ ಓಡಿನಲ್ಲೋ ಬಾಣಲೆಯಲ್ಲೋ ಬೀಜ ಹುರಿದು, ಕೈಯಿಂದ ತಿರುಗಿಸುವ ಗಿರಣಿಯಲ್ಲಿ ಪುಡಿ ಮಾಡುತ್ತಿದ್ದದ್ದು ಇನ್ನೂ ಹಳಬರಿಗೆ ನೆನಪಿದೆ. ನನ್ನ ಅಕ್ಕನೂ ಮದುವೆಯಾದ ಹೊಸತರಲ್ಲಿ ಆ ಗಿರಣಿ ತಿರುಗಿಸಿದವಳೇ. ತೋಟದ ಕಣದಲ್ಲಿ ಉದುರಿದ, ಮಾರಾಟಕ್ಕೆ ಹೋಗದ ಬೀಜವನ್ನು ತಂದು ಬೆಲ್ಲ ಹಾಕಿ ಕುದಿಸಿದ ಕಾಫಿ ಆಗ ಬಡವರ ಕಾಫಿ. ಒಳ್ಳೆಯ ಬೀಜ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು.

ದೇಶದೊಳಗೆ ಕಾಫಿ ಕುಡಿಸುವ ಪ್ರಯತ್ನ ಗಟ್ಟಿಯಾದದ್ದು 1930ರ ದಶಕದ ಬೆಲೆ ಕುಸಿತದ ನಂತರ. 1936ರಲ್ಲಿ ಮುಂಬೈಯಲ್ಲಿ ಮೊದಲ ಕಾಫಿ ಹೌಸ್ ಬಂತು. 1942ರಲ್ಲಿ ಕಾಫಿ ಮಂಡಳಿಯ ಕಾಯ್ದೆಯಾಗಿ ಬೆಳೆಗಾರರ ಬೀಜವೆಲ್ಲ ಮಂಡಳಿಯ ಪೂಲಿಗೆ ಹೋಗತೊಡಗಿತು. ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡರು. ಬೆಂಗಳೂರಿನದು 1957ರಲ್ಲಿ ಆರಂಭವಾಯಿತು. 1990ರ ದಶಕದಲ್ಲಿ ಹಂತಹಂತವಾಗಿ ಪೂಲ್ ಪದ್ಧತಿ ಹೋಗಿ 1996ರ ಹೊತ್ತಿಗೆ ಬೆಳೆಗಾರ ತನ್ನ ಬೀಜವನ್ನು ತಾನೇ ಮಾರುವಂತಾದ. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಇಟಲಿಯ ಎಸ್‌ಪ್ರೆಸೊ ಎಂಬ ಪದ ನಮ್ಮ ಹುಡುಗರ ಬಾಯಿಗೆ ಬಂದದ್ದು ಹೆಚ್ಚಾಗಿ ಅಂಥ ಅಂಗಡಿಗಳಿಂದ.

ಇಟಲಿಯ ಯಂತ್ರ

ಈಗ ಯಂತ್ರದ ಕಥೆಗೆ ಬರೋಣ. 1884ರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬಾತ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಮ್ಮೆಗೆ ಬಹಳ ಕಾಫಿ ಮಾಡುತ್ತಿತ್ತು. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಒಂದೊಂದೇ ಬಟ್ಟಲು ಬೇಗಬೇಗ ಇಳಿಸುವ ಯಂತ್ರ ರೂಪಿಸಿದ. ಕೆಲಸಗಾರನಿಗೆ ವಿರಾಮ ಕಡಿಮೆ, ಅವನಿಗೆ ಕಾಯಲು ಸಮಯವಿಲ್ಲ ಎಂಬುದೇ ಈ ಆವಿಷ್ಕಾರದ ಹಿಂದಿನ ಒತ್ತಡ. ಹಬೆಯ ಬಲ ಸಾಲದೆ, ಬಿಸಿ ಹೆಚ್ಚಾಗಿ ಆ ಕಾಫಿ ಸುಟ್ಟ ರುಚಿ ಕೊಡುತ್ತಿತ್ತು. 1938ರಲ್ಲಿ ಪೇಟೆಂಟ್ ಪಡೆದ ಅಕಿಲೆ ಗಾಜಿಯಾ, ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಹಿಡಿಕೆಯ ಯಂತ್ರ ತಂದ. ಅದು ಹಬೆಯ ಬದಲು ಬಿಸಿನೀರನ್ನು ಎಂಟೊಂಬತ್ತು ಬಾರ್ ಒತ್ತಡದಲ್ಲಿ ಪುಡಿಯ ಮೂಲಕ ದಾಟಿಸಿತು. ಕಾಫಿಯ ಮೇಲೆ ಕಂದು ನೊರೆಯ ಪದರ ಕಾಣಿಸಿಕೊಂಡದ್ದು ಆಗ. 1961ರಲ್ಲಿ ಫೇಮಾ ಕಂಪೆನಿಯ ಇ-61 ಬಂದು ಹಿಡಿಕೆ ಎಳೆಯುವ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು.

ಇವೆಲ್ಲ ಅಂಗಡಿಯ ಯಂತ್ರಗಳು. ಮನೆಗೆ ಬೇರೆ ದಾರಿಗಳಿದ್ದವು. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್ ಮಗನ ಶಾಲೆಯ ಪುಸ್ತಕದಿಂದ ಶಾಯಿ ಹೀರುವ ಕಾಗದ ತೆಗೆದು ಕಾಫಿ ಸೋಸಿದಳು. ಅದೇ ಕಾಗದದ ಫಿಲ್ಟರಾಗಿ ದೊಡ್ಡ ಉದ್ಯಮವಾಯಿತು. 1933ರಲ್ಲಿ ಇಟಲಿಯ ಬಿಯಾಲೆಟ್ಟಿ ಅಲ್ಯೂಮಿನಿಯಮ್ಮಿನ ಮೋಕಾ ಪಾತ್ರೆ ತಂದ. ಯೆಮನಿನ ಬಂದರಿನ ಹೆಸರು ಇಟಲಿಯ ಒಲೆಯ ಮೇಲೆ ಕೂತಿತು. 1985ರಲ್ಲಿ ಇಟಲಿಯ ಸೇಕೊ ಕಂಪೆನಿ ಬೀಜ ಪುಡಿ ಮಾಡುವುದರಿಂದ ಹಿಡಿದು ಚರಟ ಎಸೆಯುವವರೆಗೆ ಎಲ್ಲವನ್ನೂ ತಾನೇ ಮಾಡುವ 'ಸೂಪರ್‌ಆಟೊಮ್ಯಾಟಿಕಾ' ಯಂತ್ರವನ್ನು ಮನೆ ಬಳಕೆಗೆ ಬಿಟ್ಟಿತು. ನನ್ನ ಅಳಿಯ ಕೇಳುತ್ತಿರುವುದು ಅದರ ಮೊಮ್ಮಗನನ್ನು. ಆ ಕಂಪೆನಿ 2009ರಲ್ಲಿ ಫಿಲಿಪ್ಸ್ ಪಾಲಾಯಿತು.

ಇಲ್ಲೊಂದು ವಿಚಿತ್ರವಿದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಬಹಳ ವರ್ಷಗಳಿಂದ ಅದರ ಅತಿ ದೊಡ್ಡ ಗಿರಾಕಿ ಇಟಲಿ. ಎಸ್‌ಪ್ರೆಸೊದ ಗಟ್ಟಿ ನೊರೆಗೆ ನೆರವಾಗುವುದು ರೊಬಸ್ಟಾ. ಕೊಡಗಿನ ರೊಬಸ್ಟಾ ಇಟಲಿಯ ಮಿಶ್ರಣಗಳಿಗೆ ಸೇರುತ್ತದೆ. ನಮ್ಮ ಬೀಜ ಇಟಲಿಗೆ ಹೋಗುತ್ತದೆ, ಇಟಲಿಯ ಹೆಸರು ಹೊತ್ತ ಯಂತ್ರ ನಮ್ಮ ಮನೆಗೆ ಬರುತ್ತದೆ. ಹೋದದ್ದರ ಬೆಲೆ ಕಿಲೋ ಲೆಕ್ಕದಲ್ಲಿ, ಬಂದದ್ದರ ಬೆಲೆ ಹತ್ತಾರು ಸಾವಿರದ ಲೆಕ್ಕದಲ್ಲಿ.

ಕೊಳ್ಳುವ ಮುನ್ನ

ಯಂತ್ರದ ಒಳಗೆ ನಡೆಯುವುದು ಹಳೆಯ ಕೆಲಸಗಳೇ. ಒರಳಿನ ಬದಲು ಉಕ್ಕಿನ ಅಥವಾ ಸೆರಾಮಿಕ್ ಹಲ್ಲುಗಳ ಗಿರಣಿ. ಪುಡಿಯನ್ನು ಅದುಮುವ, ನೀರು ದಾಟಿಸುವ, ಚರಟವನ್ನು ಕೆಳಗಿನ ಡಬ್ಬಿಗೆ ಬೀಳಿಸುವ ಒಂದು ಜೋಡಣೆ. ಇದನ್ನು ಬ್ರೂ ಗ್ರೂಪ್ ಎನ್ನುತ್ತಾರೆ. ನೀರನ್ನು ಕ್ಷಣದಲ್ಲಿ ತೊಂಬತ್ತು ಡಿಗ್ರಿಯ ಆಸುಪಾಸಿಗೆ ಕಾಯಿಸುವ ಹೀಟರ್. ಒಂದು ಪಂಪು. ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಈ ನಾಲ್ಕರಲ್ಲಿ ಜನ ಅಂದುಕೊಂಡಷ್ಟು ವ್ಯತ್ಯಾಸವಿಲ್ಲ. ಬಣ್ಣದ ಪರದೆ, ಫೋನಿನ ಆ್ಯಪ್, ಹದಿನೈದು ಬಗೆಯ ಪಾನೀಯ ಇವಕ್ಕೇ ಹೆಚ್ಚಿನ ದುಡ್ಡು ಹೋಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ '15 ಬಾರ್' ಪಂಪಿನ ಶಕ್ತಿ ಮಾತ್ರ. ಒಳ್ಳೆಯ ಕಾಫಿಗೆ ಒಂಬತ್ತರ ಸುಮಾರು ಸಾಕು. ಆ ಸಂಖ್ಯೆ ನೋಡಿ ಮರುಳಾಗಬೇಕಿಲ್ಲ.

ನೋಡಬೇಕಾದದ್ದು ಬೇರೆ. ಮೊದಲನೆಯದಾಗಿ, ಬ್ರೂ ಗ್ರೂಪನ್ನು ಕೈಯಿಂದ ಹೊರತೆಗೆದು ನಲ್ಲಿಯ ಕೆಳಗೆ ತೊಳೆಯಲು ಬರುತ್ತದೆಯೇ? ಡೆಲೊಂಗಿ, ಫಿಲಿಪ್ಸ್ ಕಂಪೆನಿಗಳ ಆರಂಭದ ದರ್ಜೆಯ ಯಂತ್ರಗಳಲ್ಲಿ ಇದು ಸಾಧ್ಯ. ಯೂರಾದಂಥ ದುಬಾರಿ ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ, ಮಾತ್ರೆ ಹಾಕಿ ತೊಳೆಯಬೇಕು. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಚರಟ ಎರಡು ದಿನ ಉಳಿದರೆ ಬೂಸಲು ಬರುತ್ತದೆ. ವಾರಕ್ಕೊಮ್ಮೆ ಸೋಪು ಹಾಕದೆ ತೊಳೆದು ಒಣಗಿಸಲು ಬರುವ ಯಂತ್ರವೇ ನಮಗೆ ಹೊಂದುತ್ತದೆ.

ಎರಡನೆಯದು ಹಾಲು. ಹಾಲನ್ನು ತಾನೇ ಹೀರಿ ನೊರೆ ಮಾಡುವ ವ್ಯವಸ್ಥೆಗೆ ಹೆಚ್ಚು ಬೆಲೆ, ತೊಳೆಯುವ ಕೆಲಸವೂ ಹೆಚ್ಚು. ನಮ್ಮ ಮನೆಗಳಲ್ಲಿ ಹೇಗೂ ಹಾಲು ಕಾಯಿಸುತ್ತೇವೆ. ಗಟ್ಟಿಯಾಗಿ ಎರಡು ಸಲ ಇಳಿಸಿಕೊಂಡು ಡಿಕಾಕ್ಷನ್ನಿನಂತೆ ಬಿಸಿ ಹಾಲಿಗೆ ಬೆರೆಸಿದರೆ ಸಾಕು. ಹಬೆಯ ಸಾಧಾರಣ ಕೊಳವೆಯಿರುವ ಯಂತ್ರ ಸಾಲುತ್ತದೆ. ನಮ್ಮ ಎತ್ತರದ ಲೋಟ ಅದರ ಮೂತಿಯ ಕೆಳಗೆ ಹಿಡಿಸುತ್ತದೆಯೇ ಎಂದು ಅಂಗಡಿಯಲ್ಲೇ ಇಟ್ಟು ನೋಡಬೇಕು.

ಮೂರನೆಯದು ಬೀಜ. ಇದರಲ್ಲೇ ಹೆಚ್ಚಿನವರು ಎಡವುವುದು. ನಮ್ಮ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಇರುತ್ತದೆ. ಚಿಕೋರಿ ಒಂದು ಬೇರು. ನೆಪೋಲಿಯನ್ 1806ರಲ್ಲಿ ಇಂಗ್ಲೆಂಡಿನ ಸರಕಿಗೆ ತಡೆ ಹಾಕಿದಾಗ ಯುರೋಪು ಕಾಫಿಯಿಲ್ಲದೆ ಅದನ್ನು ನೆಚ್ಚಿಕೊಂಡಿತ್ತು. ನಮ್ಮ ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಹತ್ತಿರ ಹತ್ತಿರ ಅರ್ಧ ಚಿಕೋರಿ ಇರಬಹುದು. ಫಿಲ್ಟರಿನಲ್ಲಿ ಅದು ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದತೆ ಕೊಡುತ್ತದೆ. ಯಂತ್ರದಲ್ಲಿ ಅದು ನೀರು ಕುಡಿದು ಅಂಟಾಗಿ ಜಾಲರಿಯನ್ನು ಕಟ್ಟಿಸುತ್ತದೆ. ಆದ್ದರಿಂದ ಯಂತ್ರಕ್ಕೆ ಚಿಕೋರಿ ಬೆರೆಸದ, ಎಣ್ಣೆ ಒಸರುವಷ್ಟು ಕಪ್ಪಾಗಿ ಹುರಿಯದ ಇಡೀ ಬೀಜ ಬೇಕು. ಊರಿನ ಕಾಫಿ ಪುಡಿ ಅಂಗಡಿಯಲ್ಲಿ ಪ್ಲಾಂಟೇಶನ್ 'ಎ' ಅಥವಾ ಪೀಬೆರಿಗೆ ಸ್ವಲ್ಪ ರೊಬಸ್ಟಾ ಸೇರಿಸಿ ಈ ವಾರ ಹುರಿದದ್ದನ್ನು ಕೊಡಿ ಎಂದು ಕೇಳಿದರೆ ಕೊಡುತ್ತಾರೆ. ಯಾವ ಊರಿನ ತೋಟದ್ದು ಎಂದೂ ಕೇಳಿ. ಗಿರಾಕಿ ಕೇಳಿದರಷ್ಟೇ ಅಂಗಡಿಯವನು ಬೆಳೆಗಾರನನ್ನು ಕೇಳುತ್ತಾನೆ.

ನಾಲ್ಕನೆಯದು ನೀರು ಮತ್ತು ಕರೆಂಟು. ಬೋರ್‌ವೆಲ್ ನೀರಿನ ಸುಣ್ಣ ಹೀಟರಿನೊಳಗೆ ಕಟ್ಟಿಕೊಂಡರೆ ಯಂತ್ರದ ಆಯುಸ್ಸು ಮುಗಿದಂತೆ. ಸೋಸಿದ ನೀರು ಹಾಕಬೇಕು, ಯಂತ್ರ ಸೂಚಿಸಿದಾಗ ಸುಣ್ಣ ತೆಗೆಯುವ ದ್ರಾವಣ ಓಡಿಸಬೇಕು. ಇಂಥ ಯಂತ್ರಗಳು ಸುಮಾರು 1,500 ವ್ಯಾಟ್ ಎಳೆಯುತ್ತವೆ. ಚಿಕ್ಕ ಪ್ಲಗ್ಗಿಗೆ ಸಿಕ್ಕಿಸದೆ 16 ಆಂಪಿಯರಿನ ಪಾಯಿಂಟಿಗೆ ಜೋಡಿಸುವುದು ಲೇಸು. ಕೊನೆಯದಾಗಿ ರಿಪೇರಿ. ಕೊಲ್ಲಿಯಿಂದ ಅಗ್ಗದಲ್ಲಿ ಹೊತ್ತು ತಂದ ಯಂತ್ರಕ್ಕೆ ಇಲ್ಲಿ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ನಮ್ಮ ಊರಿಗೆ ಬಂದು ಸರಿಮಾಡುವವರು ಇದ್ದಾರೆಯೇ ಎಂದು ಕೊಳ್ಳುವ ಮೊದಲೇ ಫೋನು ಮಾಡಿ ವಿಚಾರಿಸಬೇಕು.

ದುಂದುವೆಚ್ಚದ ಲೆಕ್ಕ

ಅಕ್ಕನ ಮಾತಿಗೂ ಉತ್ತರ ಕೊಡಬೇಕಲ್ಲ. ಲೆಕ್ಕ ಹಾಕಿ ನೋಡಿದೆವು. ಯಂತ್ರಕ್ಕೆ 45,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ನಾಲ್ಕು ಬಟ್ಟಲಿನಂತೆ ಐದು ವರ್ಷ ನಡೆದರೆ 7,300 ಬಟ್ಟಲು. ಬಟ್ಟಲಿಗೆ ಯಂತ್ರದ ಪಾಲು ಸುಮಾರು ಆರು ರೂಪಾಯಿ. ಬಟ್ಟಲಿಗೆ ಒಂಬತ್ತು ಗ್ರಾಂ ಬೀಜ. ಕಿಲೋಗೆ 1,000 ರೂಪಾಯಿ ಎಂದರೆ ಒಂಬತ್ತು ರೂಪಾಯಿ. ಹಾಲು ಬಿಟ್ಟು ಒಟ್ಟು ಹದಿನೈದು ರೂಪಾಯಿ. ದಿನಾ ಹೊರಗೆ ದೊಡ್ಡ ಕಾಫಿ ಅಂಗಡಿಗೆ ಹೋಗುವವನಿಗೆ ಇದು ಉಳಿತಾಯ. ಮನೆಯಲ್ಲೇ ಫಿಲ್ಟರ್ ಕಾಫಿ ಕುಡಿಯುವವನಿಗೆ ಇದು ಖರ್ಚು. ಒಬ್ಬನೇ ದಿನಕ್ಕೊಂದು ಬಟ್ಟಲು ಕುಡಿದರೆ ಯಂತ್ರದ ಪಾಲೇ ಬಟ್ಟಲಿಗೆ ಇಪ್ಪತ್ತನಾಲ್ಕು ರೂಪಾಯಿ ದಾಟುತ್ತದೆ. ಅಂದರೆ ದುಂದುವೆಚ್ಚವೋ ಅಲ್ಲವೋ ಎಂಬುದನ್ನು ಯಂತ್ರದ ಬೆಲೆ ತೀರ್ಮಾನಿಸುವುದಿಲ್ಲ. ಎಷ್ಟು ಜನ ಕುಡಿಯುತ್ತಾರೆ ಎಂಬುದು ತೀರ್ಮಾನಿಸುತ್ತದೆ. ಕೆಂಪು ಮಣ್ಣಿನ ಮಡಕೆಯ ಸುತ್ತ ಕೂತಿದ್ದ ಸೂಫಿಗಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತಿತ್ತು.

ಅಷ್ಟು ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಯಂತ್ರದ ಗುಟ್ಟು ಇರುವುದು ಅದರ ಗಿರಣಿಯಲ್ಲಿ. ಕೆಲವೇ ಸಾವಿರಕ್ಕೆ ಸಿಗುವ ಒಳ್ಳೆಯ ಕೈಗಿರಣಿ, ತಾಜಾ ಹುರಿದ ಬೀಜ, ಮನೆಯಲ್ಲಿರುವ ಅದೇ ಹಳೆಯ ಫಿಲ್ಟರ್ ಇವಿಷ್ಟೇ ಇದ್ದರೂ ಕಾಫಿಯ ಘಮ ಪಕ್ಕದ ಮನೆಗೆ ಮುಟ್ಟುತ್ತದೆ. ದಿನವೂ ನಾಲ್ಕೈದು ನಿಮಿಷ ತಿರುಗಿಸಲು ಕೈ ಬೇಕು, ಅಷ್ಟೇ. ಆ ಕೈ ಯಾರದ್ದು ಎಂಬುದೇ ಪ್ರಶ್ನೆ.

ಅಕ್ಕ ಮೌನವಾದದ್ದು ಈ ಮಾತಿಗೆ. ಮೂವತ್ತು ವರ್ಷ ಬೆಳಗಿನ ಐದಕ್ಕೆ ಎದ್ದು, ಸುಬ್‌ಹಿ ನಮಾಝಿನ ನಂತರ ಡಿಕಾಕ್ಷನ್ ಇಳಿಸಿ ಎಲ್ಲರಿಗೂ ಕೊಟ್ಟು, ಕೊನೆಗೆ ಉಳಿದ ತೆಳು ಕಾಫಿಯನ್ನು ಆರಿಸಿಕೊಂಡು ಕುಡಿದವಳು ಅವಳು. ನೂರೈವತ್ತು ರೂಪಾಯಿಯ ಫಿಲ್ಟರ್ ಅಗ್ಗವಾಗಿ ಕಂಡದ್ದು ಅವಳ ಕೆಲಸಕ್ಕೆ ನಾವು ಬೆಲೆ ಕಟ್ಟದೆ ಹೋದದ್ದರಿಂದ. ಈ ಲೆಕ್ಕವನ್ನು ನಾವು ಗಂಡಸರು ಹಾಕಿದವರೇ ಅಲ್ಲ.

ಅಳಿಯ ಕೊನೆಗೆ ಹಬೆಯ ಕೊಳವೆಯಿರುವ, ಬ್ರೂ ಗ್ರೂಪ್ ಕಳಚಲು ಬರುವ ಸಾಧಾರಣ ಯಂತ್ರವನ್ನೇ ತಂದ. ಗಿರಣಿ ತಿರುಗುವಾಗ ಗರ್ರೆಂದು ಇಡೀ ಮನೆಗೆ ಕೇಳುತ್ತದೆ. ಮೊದಲ ದಿನ ಆ ಸದ್ದು ಕೇಳಿ ಪಕ್ಕದ ಮನೆಯವರು ಏನಾಯಿತೆಂದು ನೋಡಲು ಬಂದರು. ಬಂದವರನ್ನು ಕೂರಿಸಿ ಕಾಫಿ ಕೊಟ್ಟದ್ದು ಅಳಿಯ. ಮೊದಲ ಬಟ್ಟಲು ಅಕ್ಕನಿಗೆ ಸಿಕ್ಕಿತು. ಒಂದು ಗುಟುಕು ಕುಡಿದು ಅವಳು ಹೇಳಿದಳು: "ಕಾಫಿ ಪರವಾಗಿಲ್ಲ. ಆದರೆ ಆ ಡಬ್ಬಿ ತೊಳೆಯುವುದು ನೀನೇ."